ಡಿಯರ್ ಗಿರಿಜಾ, ನಿಮ್ಮ ದೂರು ತಲುಪಿದೆ

ಮೇ ತಿಂಗಳ ಒಂದು ಮುಂಜಾನೆ ಹಾವೇರಿ ಕಡೆಯಿಂದ ಯಾರೋ ಫೋನ್ ಮಾಡಿ ನನ್ನ ಎತ್ತರ ಕೇಳಿದರು.

ಬಾಯಲ್ಲಿ ಬ್ರಶ್ ಇತ್ತು. 'ಐದಡಿ ಏಳಿಂಚ್ರಿ' ಅಂದೆ. ಆ ಕಡೆಯ ಹಿರಿಯರು ಯೋಚನೆಗೆ ಬಿದ್ದರು. 'ಹಂಗಾರ ಆಗಂಗಿಲ್ಲ ಬಿಡ್ರಿ. ನಮ್ಮ ಹುಡುಗ ಐದು ನಾಕು ಅದಾನ' ಎಂದು ಫೋನ್ ಇಟ್ಟೇಬಿಟ್ಟರು.

ಹಲ್ಲುಜ್ಜಿ ಮುಗಿಸುವುದರೊಳಗೆ ಒಬ್ಬ ವರ ನನ್ನನ್ನು ಬೇಡ ಅಂದಿದ್ದ.

ನಾನು ಗಂಡಸು; ಕರೆ ನನಗಲ್ಲ, ಬಾಜೂ ಮನೆಯ ಗಿರಿಜಕ್ಕನಿಗೆ. ಅವಳು ನನಗಿಂತ ಮೂರು ವರ್ಷ ದೊಡ್ಡವಳು. ಲಕಮನಹಳ್ಳಿಯ ಒಂದು ಫ್ಯಾಕ್ಟರಿಯ ಸ್ಟೋರಿನಲ್ಲಿ ಕೆಲಸ. ಅವಳಿಗೆ ಬರಬೇಕಾದ ಫೋನು ನಮ್ಮ ಮನೆಗೆ ಯಾಕೆ ಬಂತು? ಪಿ.ಪಿ. ನಂಬರ್ ಅಂದರೆ ಏನೆಂದು ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಮೊಬೈಲಿನ ಜೊತೆಗೇ ಹುಟ್ಟಿದವರಿಗಾಗಿ ಹೇಳುತ್ತೇನೆ: ಓಣಿಗೆ ಒಂದು ಫೋನ್ ಇದ್ದ ಕಾಲದಲ್ಲಿ, ಫೋನ್ ಇಲ್ಲದವರು ಬಾಜೂ ಮನೆಯ ನಂಬರನ್ನೇ ತಮ್ಮದೆಂದು ಎಲ್ಲರಿಗೂ ಕೊಡುತ್ತಿದ್ದರು. ಧಾರವಾಡದ ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಆ ಒಂದು ಫೋನು ನಮ್ಮದು. ಕರೆ ಬಂತೆಂದರೆ ನಮ್ಮವ್ವ ಕಂಪೌಂಡಿನ ಹತ್ತಿರ ನಿಂತು 'ಗಿರಿಜಾ, ಫೋನ್ ಬಂದೈತಿ, ಲಗೂ ಬಾ' ಎಂದು ಕೂಗುತ್ತಿದ್ದಳು. ಅರ್ಧ ಓಣಿ ಹೊರಗೆ ಬರುತ್ತಿತ್ತು.

ಎರಡು ವರ್ಷದ ಹಿಂದೆ ಗಿರಿಜಕ್ಕನ ಅಪ್ಪ ಬಸಪ್ಪ ಕಾಕಾ ಮಗಳ ಫೋಟೋ, ವಿವರ ಎಲ್ಲ ತೆಗೆದುಕೊಂಡು ಮೂಲೆಯ ಸೈಬರ್ ಕೆಫೆಗೆ ಹೋದರು. ವರ ಹುಡುಕಿಕೊಡುವ ವೆಬ್‌ಸೈಟೊಂದರಲ್ಲಿ ಹೆಸರು ಹಾಕಿಸಿದರು. ಇ-ಮೇಲ್ ವಿಳಾಸ ಕೇಳಿತು. ಕೆಫೆಯ ಮಾಸ್ತರರು ತಮ್ಮ ಅಂಗಡಿಯದನ್ನೇ ಕೊಟ್ಟರು. (ಮೊದಲು ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದ ಉದಾರಿ. ಇಡೀ ವಾರ್ಡಿಗೆ ಅದೊಂದೇ ವಿಳಾಸ.) ಫೋನ್ ನಂಬರ್ ಕೇಳಿತು. ಕಾಕಾ ನಮ್ಮದನ್ನು ಕೊಟ್ಟರು. ತಪ್ಪೇನಿತ್ತು? ಹದಿನೈದು ವರ್ಷದಿಂದ ಎಲ್ಲರಿಗೂ ಅದನ್ನೇ ಕೊಟ್ಟಿದ್ದರು. ಅವರ ಮನೆಯಲ್ಲಿ ಇವತ್ತಿಗೂ ಮೊಬೈಲ್ ಇಲ್ಲ.

ಅವ್ವ ಇರುವತನಕ ಈ ಕರೆಗಳೆಲ್ಲ ಅವಳದೇ ಖಾತೆ. 'ಹೊಲಾ ಎಷ್ಟೈತ್ರಿ? ಹುಡುಗ ಶೇಂಗಾ ತಿಂತಾನೋ ಗುಟಕಾ ತಿಂತಾನೋ?' ಎಂದು ಅವಳು ಆ ಕಡೆಯವರನ್ನು ಜಾಲಾಡುತ್ತಿದ್ದಳು. ಕಳೆದ ವರ್ಷ ಅವ್ವ ತೀರಿಕೊಂಡಳು. ಅಪ್ಪ ಮೊದಲೇ ಹೋಗಿದ್ದ. ಮನೆ, ನಾನು, ಫೋನು ಉಳಿದೆವು. ವರನ ಕಡೆಯವರ ಕರೆಗಳು ನನ್ನ ಪಾಲಿಗೆ ಬಂದವು. ಒಪ್ಪಿಕೊಳ್ಳಲು ನಾಚಿಕೆಯಿದೆ, ಆದರೂ ಹೇಳುತ್ತೇನೆ: ಎಷ್ಟೋ ದಿನ ಆ ಮನೆಯೊಳಗೆ ನಾನು ಬಾಯಿ ಬಿಟ್ಟು ಆಡಿದ ಮಾತು ಅಂದರೆ ಗಿರಿಜಕ್ಕನ ನಕ್ಷತ್ರ ಮತ್ತು ಎತ್ತರ. (ಹಾವೇರಿಯವರು ಕೇಳಿದ ದಿನ ಮಾತ್ರ ನಿದ್ದೆಗಣ್ಣಿನಲ್ಲಿ ನನ್ನದನ್ನು ಹೇಳಿದ್ದೆ.)

ಅದೇ ಮೇ ತಿಂಗಳಲ್ಲಿ ಗಿರಿಜಕ್ಕನಿಗೆ ಉಣಕಲ್ಲಿನ ಸಂಬಂಧ ಕೂಡಿಬಂತು. ವೆಬ್‌ಸೈಟಿನಿಂದಲ್ಲ, ಕಾಕಾನ ಬಳಗದ ಕಡೆಯಿಂದ. ಹುಡುಗ ಬ್ಯಾಂಕಿನಲ್ಲಿ ಕ್ಲರ್ಕ್. ಅವನ ದೊಡ್ಡಪ್ಪ ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರಿ. ನಿಶ್ಚಿತಾರ್ಥದ ದಿನವೂ ಗೊತ್ತಾಯಿತು. ಗಿರಿಜಕ್ಕ ಹೊಸ ಚಪ್ಪಲಿ ತಂದು, ಹಾಕಿಕೊಂಡು, ಮನೆಯೊಳಗೇ ಓಡಾಡಿ ಮೆತ್ತಗೆ ಮಾಡಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಹುಡುಗನ ಭಾವ ಆಫೀಸಿನಲ್ಲಿ ಕೂತು ಆ ವೆಬ್‌ಸೈಟ್ ತೆರೆದ. ಯಾಕೆ ತೆರೆದ ಎಂದು ಅವನ ಹೆಂಡತಿ ಕೇಳಬೇಕು, ನಾನಲ್ಲ. ಅಲ್ಲಿ ಗಿರಿಜಕ್ಕನ ಫೋಟೋ. ಕೆಳಗೆ ಹಸಿರು ಚುಕ್ಕೆ. 'ಈ ಸದಸ್ಯೆ ಇಂದು ಸಕ್ರಿಯರಾಗಿದ್ದಾರೆ. ವರಾನ್ವೇಷಣೆಯಲ್ಲಿದ್ದಾರೆ.'

ಅವಳು ಆ ಸೈಟನ್ನು ಜನ್ಮದಲ್ಲಿ ಒಮ್ಮೆಯೂ ತೆರೆದವಳಲ್ಲ. ಅಂಗಡಿ ತುಂಬಿದಂತೆ ಕಾಣಲಿ ಎಂದು ವೆಬ್‌ಸೈಟಿನ ಕಂಪನಿಯವರೇ ಎಲ್ಲರ ಮುಂದೂ ಹಸಿರು ಚುಕ್ಕೆ ಇಟ್ಟಿರಬೇಕು. ಉಣಕಲ್ಲಿನಿಂದ ಕೇಳಿಕೆ ಬಂತು: ಇನ್ನೂ ಬ್ಯಾರೆ ಕಡೆ ನೋಡಾಕತ್ತೀರೇನು?

'ತಮ್ಮಾ, ಅದನ್ನಷ್ಟ ತಗಸಿಬಿಡೋ' ಎಂದು ಕಾಕಾ ನನ್ನ ಹತ್ತಿರ ಬಂದರು. ಬೋರ್ಡಿನ ಮೊಳೆ ಕಿತ್ತಂಗೆ ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ನನ್ನ ಆಫೀಸಿನ ಕಂಪ್ಯೂಟರಿನಿಂದ ಕಂಪನಿಗೆ ಮೇಲ್ ಬರೆದೆ. ಉತ್ತರ ಬಂತು. 'ಡಿಯರ್ ಗಿರಿಜಾ, ನಿಮ್ಮ ದೂರು ತಲುಪಿದೆ. ನೋಂದಾಯಿಸಿದ ಇ-ಮೇಲಿನಿಂದಲೇ ಬರೆಯಿರಿ.' ಮಾಸ್ತರರ ಹತ್ತಿರ ಓಡಿದೆ. ಕೆಫೆ ಈಗ ಮೊಬೈಲ್ ರಿಚಾರ್ಜ್ ಅಂಗಡಿ. 'ಪಾಸ್‌ವರ್ಡ್ ಆ ಹಳೇ ಕಂಪ್ಯೂಟರ್‌ಗೇ ಗೊತ್ತಿತ್ತಪಾ, ನನಗ ಗೊತ್ತಿರಲಿಲ್ಲ. ಅದನ್ನ ಮಾರಿಬಿಟ್ಟೆ' ಅಂದರು.

ಮತ್ತೆ ಬರೆದೆ. ನಾನು ಗಿರಿಜಾ ಅಲ್ಲ, ಪಕ್ಕದ ಮನೆಯವನು, ಅವಳ ಮದುವೆ ಗೊತ್ತಾಗಿದೆ, ಫೋಟೋ ತೆಗೆಯಿರಿ. 'ಡಿಯರ್ ಗಿರಿಜಾ, ನಿಮ್ಮ ದೂರು ತಲುಪಿದೆ.' ಅವರ ನಂಬರಿಗೆ ಫೋನ್ ಮಾಡಿದೆ. ನನ್ನ ಕರೆ ಅವರಿಗೆ ಅಮೂಲ್ಯವಂತೆ. ಅಷ್ಟು ಅಮೂಲ್ಯವಾದದ್ದನ್ನು ಮುಟ್ಟಿ ಕೆಡಿಸುವುದೇಕೆ ಎಂದು ಯಾರೂ ಎತ್ತಲಿಲ್ಲ.

ನಾನು ಕಾಲೇಜಿನ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲೇ ಕಳೆದವನು. ನಮ್ಮ ಸರ್ ಒಂದೇ ಮಾತು ಹೇಳಿಕೊಡುತ್ತಿದ್ದರು: 'ಎದುರಿನವರ ಕಣ್ಣು ನೋಡಿ ಮಾತಾಡು. ನಿನ್ನ ಮಾತು ಎಲ್ಲಿ ನಾಟಿತು, ಎಲ್ಲಿ ಜಾರಿತು, ಕಣ್ಣು ಹೇಳತೈತಿ.' ಈ ಕಂಪನಿಗೆ ಕಣ್ಣೆಲ್ಲಿದೆ? ನನ್ನ ಐದನೆಯ ಮೇಲ್ ಏಳು ಅಂಶಗಳ ಖಂಡನೆಯಾಗಿತ್ತು. ಬಹುಮಾನ ಕೊಡುವಂಥದ್ದು. 'ಡಿಯರ್ ಗಿರಿಜಾ, ನಿಮ್ಮ ದೂರು ತಲುಪಿದೆ.'

ಏಳನೆಯ ಉತ್ತರದ ಕೆಳಗೆ 'ನೇಹಾ' ಎಂದು ಒಂದು ಹೆಸರಿತ್ತು. ನನಗೆ ಎಷ್ಟು ಖುಷಿಯಾಯಿತು ಎಂದರೆ, ಕೂತಲ್ಲೇ ಮರುಮೇಲ್ ಬರೆದೆ: ನೇಹಾ ಅವರೇ, ಕೊನೆಗೂ ಒಬ್ಬರು ಮನುಷ್ಯರು ಸಿಕ್ಕಿರಿ. ಧಾರವಾಡದಲ್ಲಿ ಜಿಟಿಜಿಟಿ ಮಳೆ ಶುರುವಾಗಿದೆ, ನಿಮ್ಮಲ್ಲಿ ಹೇಗೆ?

'ಡಿಯರ್ ಗಿರಿಜಾ, ನಿಮ್ಮ ಅಮೂಲ್ಯ ಸಲಹೆಯನ್ನು ಸಂಬಂಧಿಸಿದ ವಿಭಾಗಕ್ಕೆ ಕಳಿಸಲಾಗಿದೆ.'

ಮಳೆ ಯಾವ ವಿಭಾಗದ ಕೆಳಗೆ ಬರುತ್ತದೋ ಗೊತ್ತಿಲ್ಲ. ಕುರ್ಚಿಯಿಂದ ಎದ್ದು ಹೊರಗೆ ಬಂದೆ. ಕಂಪ್ಯೂಟರಿನ ಮುಂದೆ ಯಾರಾದರೂ ನೋಡಿದರೇನೋ ಎಂದು ಮುಖ ಬಿಸಿಯಾಗಿತ್ತು. ಈ ವರ್ಷ ನಾನು ಯಾವ ಗೆಳೆಯನಿಗೂ ಅಷ್ಟು ಪತ್ರ ಬರೆದವನಲ್ಲ.

ಕೊನೆಗೆ ಕಾಕಾನಿಗೆ ಹೇಳಿದೆ. 'ಇವರ ಕೂಡ ಆಗಂಗಿಲ್ಲ ಕಾಕಾ. ಉಣಕಲ್ಲಿಗೇ ಹೋಗೂಣು. ನಾ ಮಾತಾಡ್ತೇನಿ.'

'ನೀ ಮಾತಾಡಿದ್ರ ಆತು ಬಿಡು' ಅಂದರು ಕಾಕಾ. ಪಾಪ, ನಾನು ಚರ್ಚೆಯಲ್ಲಿ ಗೆದ್ದ ಢಾಲುಗಳನ್ನೆಲ್ಲ ನೋಡಿದವರು.

ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಕಂಪನಿಯ ಮೇಲ್‌ಗಳನ್ನೆಲ್ಲ ಪ್ರಿಂಟ್ ತೆಗೆಸಿ ಫೈಲ್ ಮಾಡಿದ್ದೆ. ಹುಡುಗನ ದೊಡ್ಡಪ್ಪ ಪಡಸಾಲೆಯಲ್ಲಿ ಕೂತಿದ್ದರು. ಚಹಾ ಬಂತು. ನಾನು ಶುರು ಮಾಡಿದೆ. ಒಂದು: ಇ-ಮೇಲ್ ಅವಳದಲ್ಲ. ಎರಡು: ಹಸಿರು ಚುಕ್ಕೆ ಸುಳ್ಳು. ಮೂರು: ಫೋನ್ ನಂಬರೂ ಅವರದಲ್ಲ, ಆದ್ದರಿಂದ ಹೊಸ ಸಂಬಂಧದ ಕರೆ ಅವರ ಮನೆಗೆ ಬರುವ ಪ್ರಶ್ನೆಯೇ ಇಲ್ಲ.

'ಮತ್ತ ನಂಬರ್ ಯಾರದು?' ದೊಡ್ಡಪ್ಪ ಕೇಳಿದರು.

'ನಂದ್ರಿ. ಹೌದೋ ಅಲ್ಲೋ ನೋಡ್ರಿ, ಬಿಲ್ ತಂದೇನಿ.'

'ಓಹೋ. ಬಾಜೂ ಮನಿ?'

'ಹೌದ್ರಿ. ಗ್ವಾಡಿಗೆ ಗ್ವಾಡಿ.'

'ಮನ್ಯಾಗ ಯಾರ್ಯಾರು ಇರ್ತೀರಿ?'

'ನಾನೊಬ್ಬನ ರೀ.'

'ಲಗ್ನ?'

'ಇನ್ನೂ ಇಲ್ರಿ.'

ಹೇಳುತ್ತಲೇ ಹೋದೆ. ನಾಲ್ಕನೆಯ ಅಂಶಕ್ಕೂ ಬಂದೆ. ಅಷ್ಟು ದಿನ ಗಾಜಿನ ಪರದೆಗೆ ವಾದ ಮಾಡಿ ಮಾಡಿ, ಎದುರಿಗೆ ಕಣ್ಣಿದ್ದಾಗ ಅದನ್ನು ನೋಡಬೇಕೆನ್ನುವುದೇ ಮರೆತಿತ್ತು. ನೋಡಿದಾಗ ದೊಡ್ಡಪ್ಪ ನನ್ನ ಫೈಲಿನ ಕಡೆ ನೋಡುತ್ತಿರಲಿಲ್ಲ. ನನ್ನ ಇಸ್ತ್ರಿ ಅಂಗಿಯ ಕಡೆ ನೋಡುತ್ತಿದ್ದರು. ಬಸಪ್ಪ ಕಾಕಾ ನೆಲ ನೋಡುತ್ತಿದ್ದರು.

ಕಾಕಾ ಆ ನಂಬರ್ ಬರೆಸಿದಾಗ ಅದು ಒಂದು ಸಂಸಾರದ ಫೋನು. ಅವ್ವ ಹೋದಮೇಲೆ ಅದು ಒಂಟಿ ಗಂಡಸಿನ ಫೋನು. ನಂಬರು ಬದಲಾಗಿರಲಿಲ್ಲ, ಅರ್ಥ ಬದಲಾಗಿತ್ತು. ಅದನ್ನು ಬಿಲ್ ಸಮೇತ ರುಜುವಾತು ಮಾಡಿಕೊಟ್ಟವನು ನಾನು.

'ಅವಳಿಗೆ ನಾ ಅಕ್ಕಾ ಅಂತೇನ್ರಿ' ಅಂದೆ. ಯಾರೂ ಕೇಳಿರದ ಪ್ರಶ್ನೆಗೆ ಉತ್ತರ ಕೊಟ್ಟರೆ ಏನಾಗುತ್ತದೆ ಎಂದು ಯಾವ ಚರ್ಚಾಪಟುವನ್ನಾದರೂ ಕೇಳಿ.

'ಇರ್ಲಿ, ಇರ್ಲಿ. ಆಷಾಢ ಕಳೀಲಿ, ನೋಡೂಣು' ಅಂದರು ದೊಡ್ಡಪ್ಪ.

ಆಷಾಢ ಕಳೆಯಿತು. ಶ್ರಾವಣವೂ ಮುಗಿಯುತ್ತ ಬಂತು. ಉಣಕಲ್ಲಿನವರು ಬೇಡ ಅನ್ನಲಿಲ್ಲ. ಹೂಂ ಅನ್ನಲೂ ಇಲ್ಲ. ಕಾಕಾ ಎರಡು ಸಲ ಹೋಗಿ ಬಂದರು. ಎರಡು ಸಲವೂ ಚಹಾ, ಎರಡು ಸಲವೂ 'ನೋಡೂಣು'. ಕಂಪನಿಯ 'ದೂರು ತಲುಪಿದೆ' ಎನ್ನುವುದಕ್ಕೂ ಇದಕ್ಕೂ ಚಹಾದಷ್ಟೇ ಫರಕು.

ಒಂದು ಸಂಜೆ ಗಿರಿಜಕ್ಕ ಫ್ಯಾಕ್ಟರಿಯಿಂದ ಬರುವಾಗ ಗೇಟಿನಲ್ಲಿ ಸಿಕ್ಕಳು. ತಪ್ಪಾಯಿತು ಅನ್ನಬೇಕಿತ್ತು ನಾನು. ಅದರ ಬದಲು ಕಂಪನಿಯನ್ನು ಬಯ್ಯತೊಡಗಿದೆ. ಅದು ಸುಲಭ ನೋಡಿ.

'ಸಾಕು ಬಿಡೋ' ಅಂದಳು. 'ಕಂಪನಿಯವ್ರಿಗೆ ನಾ ಯಾರಂತನ ಗೊತ್ತಿಲ್ಲ. ಉಣಕಲ್ಲಿನವ್ರು ಎರಡು ಸಲ ನಮ್ಮ ಮನೀಗೆ ಬಂದು ನನ್ನ ಮುಖಾ ನೋಡ್ಯಾರ. ನಾ ಮಾಡಿದ ಚುರಮುರಿ ತಿಂದಾರ. ಅವ್ರಿಗೇನು ಅನ್ನಾಂವಾ?'

ನಾನು ಪಕ್ಕಕ್ಕೆ ಸರಿದು ಗೇಟು ತೆರೆದೆ.

'ಮತ್ತ ನೀನೂ ಒಂದೀಟು ಕಡಿಮಿ ಮಾತಾಡು' ಎಂದು ಸೇರಿಸಿ ಒಳಗೆ ಹೋದಳು.

ಕಳೆದ ವಾರ ಕಂಪನಿಯಿಂದ ಮತ್ತೊಂದು ಮೇಲ್ ಬಂತು. ಯಾಕೆ ಈಗ, ಯಾರು ಓದಿದರು, ಒಂದೂ ಗೊತ್ತಿಲ್ಲ. 'ಡಿಯರ್ ಗಿರಿಜಾ, ಅಭಿನಂದನೆಗಳು! ನಿಮ್ಮ ವಿವಾಹ ನಿಶ್ಚಯವಾದ ಕಾರಣ ಪ್ರೊಫೈಲನ್ನು ಶಾಶ್ವತವಾಗಿ ತೆಗೆದುಹಾಕಲಾಗಿದೆ. ನವದಂಪತಿಯ ಫೋಟೋ ಕಳಿಸಿಕೊಡಿ.' ಪಕ್ಕದಲ್ಲಿ ಎರಡು ಕೆಂಪು ಗುಲಾಬಿ ಚಿತ್ರ.

ಪ್ರಿಂಟ್ ತೆಗೆಸಲಿಲ್ಲ. ಮನೆಗೆ ಬಂದು ಕಾಕಾನಿಗೆ ಇಷ್ಟೇ ಹೇಳಿದೆ: 'ತಗದ್ರು ಕಾಕಾ.'

ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಮಗಳಿಗೆ ಕೇಳಿಸದಂತೆ ದನಿ ಇಳಿಸಿ, 'ಅಲ್ಲೋ ತಮ್ಮಾ, ಅದನ್ನ ಮತ್ತ ಹಾಕಾಕ ಬರ್ತೈತೇನು?' ಅಂದರು.

'ಬರ್ತೈತಿ ಕಾಕಾ. ಹೊಸದಾಗಿ ಹಾಕಬೇಕು.'

'ಹಂಗಾರ ಹಾಕು. ಎಲ್ಲಾ ನೀನ ಬರಿ, ನಿನಗ ಛಲೋ ಬರ್ತೈತಿ.' ನನ್ನ ಹೆಗಲ ಮೇಲೆ ಕೈಯಿಟ್ಟರು. 'ಈ ಸಲ ನಂಬರ್ ಮಾತ್ರ ನಿಂದು ಬ್ಯಾಡ. ಗಿರಿಜಾನ ಸೋದರಮಾಂವನ ಮನೀದು ಕೊಡೂಣು. ತಪ್ಪ ತಿಳ್ಕೋಬ್ಯಾಡ.'

ತಪ್ಪು ತಿಳಿಯಲಿಲ್ಲ. ಕಾಕಾ ಹೇಳಿದ್ದು ಖರೇ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೂ ಒಂದು ಪ್ರಶ್ನೆ ಉಳಿಯಿತು: ಮನೆಯಲ್ಲಿ ಒಬ್ಬನೇ ಉಳಿದವನ ಫೋನು ಯಾರ ಉಪಯೋಗಕ್ಕೂ ಬರಬಾರದು ಎಂಬ ಈ ಷರತ್ತನ್ನು ಬರೆದ ಕಂಪನಿ ಯಾವುದು, ಅದಕ್ಕೆ ಎಲ್ಲಿ ದೂರು ಕೊಡಬೇಕು?