ಬೆಲೆ ಕಡಿಮೆ ಹೇಳಿ ಎಂದ ಮನೆಯಾಕೆ

“ರೇಟು ಕಡಿಮಿ ಹೇಳ್ರಿ ಅಣ್ಣಾರ,” ಎಂದು ಮನೆಯಾಕೆ ಪಿಸುಗುಟ್ಟಿದಾಗ ನಾನು ಅವರ ಕಾರಿನ ಎಂಜಿನ್ ನೋಡುತ್ತಿದ್ದೆ. ಹಳೆಯ ಕಾರುಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಮಾರುವವರ ಬಾಯಲ್ಲಿ ಈ ಮಾತು ಕೇಳಿರಲಿಲ್ಲ.

ಪುಣೆಯ ನಿಗಡಿಯಲ್ಲಿ ಬೆಳಗಾವಿ ಕಡೆಯವರ ಮನೆ. ಯಜಮಾನರು ಕಾರ್ಖಾನೆಯಿಂದ ನಿವೃತ್ತರು. ಎಂಜಿನ್ನಿನ ಕಸುವು ಹೆಚ್ಚಿಸುವ ಟರ್ಬೊವನ್ನು ಹೊರಗಿನಿಂದ ತಂದು ಕಾರಿಗೆ ತಾವೇ ಕೂರಿಸಿದ್ದರು. ಸ್ಟಿಯರಿಂಗ್ ಹಿಡಿದು ಕೂತು ನನಗೆ ಅದರ ಸದ್ದು ಕೇಳಿಸುತ್ತಿದ್ದರು. ಆ ಗದ್ದಲದಲ್ಲಿ ಹೆಂಡತಿಯ ಮಾತು ಅವರಿಗೆ ಕೇಳುವಂತಿರಲಿಲ್ಲ.

“ಮೊಣಕಾಲು ನೋವು, ಕ್ಲಚ್ ತುಳಿಯಾಕ ಆಗೂದಿಲ್ಲಂತ ಮಾರಾಕ ಹೊಂಟಾರ. ಓಡಸದಿದ್ರ ಬಿಡ್ಲಿ, ಗಾಡಿ ಇಲ್ಲೇ ನಿಂದರಲಿ. ಇದೂ ಹೋದ್ರ ಮುಂಜಾನೆ ಎದ್ದು ಏನ್ ಮಾಡ್ತಾರ?”

ನಾನು ಸುಳ್ಳು ಹೇಳಬೇಕಾಗಲಿಲ್ಲ. ಹೀಗೆ ಮನೆಯಲ್ಲೇ ಟರ್ಬೊ ಕೂರಿಸಿದ ಎಂಜಿನ್ ಎಷ್ಟು ದಿನ ಬಾಳೀತೋ ಎಂದು ಕೊಳ್ಳುವವರು ಹೆದರುತ್ತಾರೆ. ಹಾಗಾಗಿ ಏನೂ ಬದಲಿಸದ ಕಾರಿಗಿಂತ ಇದಕ್ಕೆ ಬೆಲೆ ಕಡಿಮೆಯೇ. ಇದ್ದದ್ದನ್ನು ಇದ್ದಂತೆ ಹೇಳಿದೆ.

ಯಜಮಾನರು ಇಳಿದು ಬಾನೆಟ್ಟನ್ನು ದಡಕ್ಕನೆ ಮುಚ್ಚಿದರು. “ನಿಮಗ ಗಾಡಿ ತಿಳಿಯೂದಿಲ್ರಿ. ನಾ ಮಾರೂದಿಲ್ಲ.”

ಆಕೆ ಏನೂ ಅರಿಯದವರಂತೆ ಚಹಾ ತಂದುಕೊಟ್ಟರು. ಕುಡಿದು ಗೇಟು ದಾಟುವಾಗ ಹಿಂದೆ ಬಾನೆಟ್ ಮತ್ತೆ ತೆರೆದ ಸದ್ದು ಕೇಳಿತು. ಬೈಸಿಕೊಂಡು ಇಷ್ಟು ಹಗುರ ಮನಸ್ಸಿನಿಂದ ನಾನು ಯಾವ ಮನೆಯಿಂದಲೂ ಹೊರಬಿದ್ದಿಲ್ಲ.