ಗಾಳಿ ನಂದು, ಹಾಡು ನಿಮ್ದು

ಮರಿಯಮ್ಮನಹಳ್ಳಿಯ ನಮ್ಮ ನಾಟಕ ತಂಡಕ್ಕೆ ಕಾಲ್ಪೆಟ್ಟಿಗೆ ನುಡಿಸುತ್ತಿದ್ದವರನ್ನು ಎಲ್ಲರೂ ಮಾಸ್ತರ್ ಎಂದೇ ಕರೆಯುತ್ತಿದ್ದೆವು. ಕಾಲಿನಿಂದ ತಿದಿ ಒತ್ತುತ್ತ ನುಡಿಸುವ ದೊಡ್ಡ ಹಾರ್ಮೋನಿಯಂ ಅದು. ಯಾರಾದರೂ ಸಾಲು ಮರೆತರೆ ಮಾಸ್ತರ್ ತಿದಿ ನಿಲ್ಲಿಸುತ್ತಿರಲಿಲ್ಲ. "ಗಾಳಿ ನಂದು, ಹಾಡು ನಿಮ್ದು. ಹೂಂ, ಹಾಡ್ರಿ" ಎನ್ನುತ್ತಿದ್ದರು.

ಪ್ರೇಮಿಗಳಿಬ್ಬರೂ ವಿಷ ಕುಡಿದು ಸಾಯುವ ಹಳೆಯ ನಾಟಕವೊಂದನ್ನು ನಾವು ಈ ಕಾಲದ ನಗೆನಾಟಕ ಮಾಡಿದೆವು. ಅದರಲ್ಲಿ ನಾನು ಸಂಡೂರಿನ ಅದಿರು ಲಾರಿ ಡ್ರೈವರ್, ನಾಯಕಿ ಕಂಪ್ಲಿಯ ರೈಸ್‌ಮಿಲ್ ಸಾಹುಕಾರರ ಮಗಳು. ಬಾಟಲಿಯಲ್ಲಿ ವಿಷದ ಬದಲು ಸೋಡಾ. ನಾನು ಕುಡಿದು ಬೀಳಬೇಕು, ತೇಗಿ ಏಳಬೇಕು, ಆಗ ಮಾಸ್ತರ್ ಕುಣಿಯುವ ಹಾಡು ಎತ್ತಬೇಕು.

ಪ್ರದರ್ಶನದ ಮಧ್ಯಾಹ್ನ ನಾನು ಬಿದ್ದದ್ದೇ ತಡ, ಮಾಸ್ತರರ ಬೆರಳುಗಳು ರೂಢಿಯಂತೆ ಹಳೆಯ ನಾಟಕದ ಸಾವಿನ ಹಾಡಿಗೇ ಹೋದವು. ನಾಯಕಿಯೂ ಅದನ್ನೇ ಹಾಡತೊಡಗಿದಳು. ಅಲ್ಲಿಯವರೆಗೆ ನಗುತ್ತಿದ್ದ ಮಂದಿ ಕಣ್ಣೊರೆಸಿಕೊಂಡು "ಒನ್ಸ್ ಮೋರ್" ಎಂದು ಕೂಗಿದರು. ಹಾಡು ಮತ್ತೆ ಮೊದಲಿನಿಂದ ಶುರುವಾಯಿತು.

"ಮಾಸ್ತರ, ಏಳ್ಲೇನ್ರಿ?" ಎಂದು ಮಲಗಿದಲ್ಲಿಂದಲೇ ಪಿಸುಗುಟ್ಟಿದೆ. ರಂಗದ ಅಂಚಿನಲ್ಲೇ ಇದ್ದರೂ ಅವರಿಗೆ ಕೇಳಿಸಲಿಲ್ಲ, ಕಣ್ಣು ಮುಚ್ಚಿದ್ದರು. ಹೊಟ್ಟೆಯೊಳಗಿನ ಸೋಡಾ ಎಷ್ಟು ಹೊತ್ತು ಕಾದೀತು? ದೊಡ್ಡದಾಗಿ ತೇಗಿ ಎದ್ದು ಕೂತೆ. ಮಂದಿ ಬಿದ್ದು ಬಿದ್ದು ನಕ್ಕರು. ಮಾಸ್ತರರ ಕಾಲು ಮಾತ್ರ ಮೊದಲ ಸಲ ತಿದಿಯ ಮೇಲೆ ನಿಂತುಬಿಟ್ಟಿತ್ತು.

ನಾಟಕ ಮುಗಿದ ಮೇಲೆ, ಬಣ್ಣ ಅಳಿಸಿಕೊಳ್ಳುತ್ತಿದ್ದ ನನ್ನ ಹತ್ತಿರ ಮಾಸ್ತರ್ ಬಂದು ಕೆನ್ನೆ ಮುಟ್ಟಿ ನೋಡಿದರು.

"ಈ ಹಾಡಿಗೆ ಭಾಳ ಮಂದೀನ ಮಲಗ್ಸೀನಪ್ಪ. ಎದ್ದಾಂವ ನೀ ಒಬ್ಬನ."