ಹಲಗೆ ಆರುವ ಮೊದಲು

ಅಡುಗೆಮನೆಯ ಗೋಡೆಯಾಚೆ ಫ್ಯಾನುಗಳು ಸದಾ ಗುಂಯ್‌ಗುಡುತ್ತಿರುತ್ತವೆ. ಕುರ್ಚಿ ಕಾರ್ಖಾನೆಯ ಒಣಗಿಸುವ ಕೋಣೆ ಅಲ್ಲಿದೆ; ಹಸಿ ಹಲಗೆಗಳು ಬಿಸಿಗಾಳಿಯಲ್ಲಿ ಒಣಗುತ್ತವೆ. ಸದ್ದು ನಿಂತರೆ ಒಂದು ಲೋಡು ಹೊರಬಂತೆಂದೇ ಅರ್ಥ. ಅವಳು ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೊರಡುತ್ತಾಳೆ.

ಮರದಲ್ಲಿ ಇನ್ನೆಷ್ಟು ತೇವ ಉಳಿದಿದೆ ಎಂದು ನೋಡುವುದು ಅವಳ ಕೆಲಸ. ಮೀಟರಿನ ಎರಡು ಸೂಜಿಗಳನ್ನು ಹಲಗೆಗೆ ಒತ್ತಿದರೆ ಅಂಕಿ ಮೂಡುತ್ತದೆ. ಅಂಕಿ ಹೆಚ್ಚಿದ್ದರೆ ಲೋಡು ಮತ್ತೆ ಒಳಕ್ಕೆ. ಪಸೆ ನೋಡುವವಳೆಂದು ಕಾರ್ಖಾನೆಯವರು ಅವಳಿಗೆ ಪಸೆಯಕ್ಕ ಎಂದು ಹೆಸರಿಟ್ಟಿದ್ದರು. ಯಾರಾದರೂ ಅತ್ತರೆ, ಅಕ್ಕನನ್ನು ಕರೆಯಿರಿ, ಕಣ್ಣೀರು ನಿಜವೋ ಸುಳ್ಳೋ ಮೀಟರೇ ಹೇಳಲಿ ಎಂದು ನಗುತ್ತಿದ್ದರು.

ಎಲ್ಲರೂ ಚಿಕ್ಕವಳು ಎನ್ನುವ ಮೈದುನನ ಹೆಂಡತಿಯನ್ನು ಅದೇ ಕೆಲಸಕ್ಕೆ ಸೇರಿಸಿದವಳು ಅವಳೇ, ಕಲಿಸಿದವಳೂ ಅವಳೇ. ಈಗ ಮೇಸ್ತ್ರಿ ಬಾಗಿಲಲ್ಲಿ ನಿಂತು, ಚಿಕ್ಕವಳು ನೋಡಿದಳೇ ಎಂದು ಕೇಳತೊಡಗಿದ್ದ. ಮನೆಯಲ್ಲೂ ಅತ್ತೆಗೆ ಚಿಕ್ಕವಳು ಕೊಟ್ಟ ನೀರೇ ತಂಪು. ಪಸೆಯಕ್ಕನ ಹೊಟ್ಟೆಯಲ್ಲಿ ಸಣ್ಣ ಉರಿಯೊಂದು ಆರದೆ ಉಳಿದಿತ್ತು.

ತಪಾಸಣೆ ಕೋಣೆಯ ಹಿರಿತನ ಇಬ್ಬರಲ್ಲಿ ಒಬ್ಬರಿಗೆ ಸಿಗುವುದಿತ್ತು. ಆ ವಾರವೇ ಚಿಕ್ಕವಳು ರಾಶಿಯ ನಡುವಿನ ಹಲಗೆಯೊಂದನ್ನು ತೆಗೆಸಿ, ಹೊರಗಿಟ್ಟು ತಣಿಸಿ, ಮೀಟರ್ ಒತ್ತಿ, ಲೋಡು ಒಣಗಿದೆ ಎಂದಳು. ಅವಳು ಊಟಕ್ಕೆ ಹೋದದ್ದೇ ತಡ, ಆಗಷ್ಟೇ ಹೊರಬಂದ ಅದೇ ಲೋಡಿನ ರಾಶಿಗೆ ಪಸೆಯಕ್ಕ ಸೂಜಿ ಚುಚ್ಚಿದಳು. ಅಂಕಿ ಏರಿತು. ಎದೆ ಹಗುರಾಯಿತು. ನೇರ ಮೇಸ್ತ್ರಿಯ ಬಳಿ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಇದಿನ್ನೂ ಹಸಿ. ಅವಳ ಮಾತು ನಂಬಿದ್ರೆ ಕೂತೋರು ಕುರ್ಚಿ ಸಮೇತ ಬೀಳ್ತಾರೆ."

ಲೋಡು ಮತ್ತೆ ಒಳಗೆ ಹೋಯಿತು. ಮರುದಿನ ಹೊರಬಂದಾಗ ಅತಿಯಾಗಿ ಒಣಗಿ, ಹಲಗೆಗಳ ತುದಿ ಬಾಯಿ ಬಿಟ್ಟಿತ್ತು. ಬಿರುಕಿನ ಮೇಲೆ ಬೆರಳಾಡಿಸುವಾಗ ಪಸೆಯಕ್ಕನಿಗೆ ಹೊಳೆಯಿತು. ಬಿಸಿ ಮರ ಇರುವುದಕ್ಕಿಂತ ಹೆಚ್ಚು ತೇವ ತೋರಿಸುತ್ತದೆ. ಮುಂಗೈ ತಾಗಿಸಿ ನೋಡು, ತಣ್ಣಗಾದ ಮೇಲೆಯೇ ಚುಚ್ಚು ಎಂದು ಚಿಕ್ಕವಳಿಗೆ ಹೇಳಿಕೊಟ್ಟದ್ದು ತಾನೇ. ಅವಳು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕವಳು ಮೇಸ್ತ್ರಿಯ ಮುಂದೆ ಬಂದು, ಮೀಟರಿನ ಬ್ಯಾಟರಿ ಇಳಿದು ಅಂಕಿ ತಪ್ಪಿತ್ತು, ಬದಲಾಯಿಸದೆ ಬಿಟ್ಟದ್ದು ತನ್ನ ತಪ್ಪು ಎಂದುಬಿಟ್ಟಳು. ಸಂಜೆ ಹಿರಿತನದ ಜೊತೆ ತಪಾಸಣೆ ಕೋಣೆಯ ಬೀಗದ ಕೈಯೂ ಪಸೆಯಕ್ಕನ ಕೈ ಸೇರಿತು.

ರಾತ್ರಿ ಮನೆಯಲ್ಲಿ ಪಾತ್ರೆ ತೊಳೆಯುವಾಗ ಪಸೆಯಕ್ಕ ಕೇಳಿಯೇಬಿಟ್ಟಳು. "ಯಾಕೆ ಸುಳ್ಳು ಹೇಳ್ದೆ?"

"ನೀವು ಆತುರದಲ್ಲಿ ಮರೆತಿರ್ಬೇಕು ಅಂದ್ಕೊಂಡೆ ಅಕ್ಕ. ನಿಮ್ಮ ಮಾತು ಕಡಿಮೆ ಆಗೋದು ನನಗೆ ನೋಡೋಕಾಗಲ್ಲ."

"ಒಳ್ಳೆತನದಲ್ಲೂ ನೀನೇ ಮುಂದಿರ್ಬೇಕಾ?"

ಚಿಕ್ಕವಳು ತೊಳೆದ ತಟ್ಟೆಯನ್ನು ಬೋರಲು ಹಾಕಿದಳು, ಅಷ್ಟೇ. ಆ ಸಹನೆಯೂ ಅಷ್ಟು ಚೆನ್ನಾಗಿದ್ದುದಕ್ಕೆ ಪಸೆಯಕ್ಕನಿಗೆ ಮೈಯೆಲ್ಲ ಉರಿಯಿತು. ಸೋತಿದ್ದರೆ ಸಹಿಸಬಹುದಿತ್ತು. ಇದು ಚಿಕ್ಕವಳು ಬಿಟ್ಟುಕೊಟ್ಟ ಗೆಲುವು. ಗಂಟಲಲ್ಲಿ ಸಿಕ್ಕ ಬಿಸಿ ತುಪ್ಪ.

ಬೆಳಿಗ್ಗೆ ಪಸೆಯಕ್ಕ ಬೀಗದ ಕೈಯನ್ನು ಮೇಸ್ತ್ರಿಯ ಮೇಜಿನ ಮೇಲಿಟ್ಟಳು. "ಬ್ಯಾಟರಿ ಸರಿಯಾಗೇ ಇತ್ತು. ಬಿಸಿ ಹಲಗೆಗೆ ಚುಚ್ಚಿದ್ದು ನಾನು. ಕೋಣೆ ಅವಳಿಗೇ ಕೊಡಿ."

ಮೇಸ್ತ್ರಿ ತಲೆಯೆತ್ತಿದ. ಎಂಥ ದೊಡ್ಡ ಮನಸ್ಸು ಆ ಹುಡುಗಿಯದು ಎಂದ.

ಪಸೆಯಕ್ಕ ಆಗಲೇ ಬಾಗಿಲು ದಾಟಿದ್ದಳು. "ಕೊಡೋದೇನೋ ಕೊಡಿ, ಆದ್ರೆ ನನ್ನೆದುರು ಅವಳನ್ನ ಹೊಗಳೋದು ಮಾತ್ರ ಬೇಡ" ಎನ್ನುತ್ತ ಹಲಗೆ ರಾಶಿಗಳ ನಡುವೆ ನಡೆದುಹೋದಳು.